ಹಿಮಕ್ಕೆ ಗಟ್ಟಿ, ದಾಸರಹಳ್ಳಿಗೆ ಮೆತ್ತಗೆ

ಮೊದಲೇ ಹೇಳಿಬಿಡ್ತೀನಿ: ಬೆಂಗಳೂರಲ್ಲಿ ಕೂತು ಆನ್‌ಲೈನ್‌ನಲ್ಲಿ ‘ಹಾರ್ಡಿ ಪೆರೆನಿಯಲ್ ಐರಿಸ್’ ಗೆಡ್ಡೆ ತರಿಸುವವರು ದುಡ್ಡನ್ನು ಮಣ್ಣುಪಾಲು ಮಾಡ್ತಿದ್ದಾರೆ. ಮಾತಿಗೆ ಹೇಳ್ತಿಲ್ಲ. ಆ ದುಡ್ಡು ನಿಜವಾಗಲೂ ಮಣ್ಣಿಗೇ ಹೋಗುತ್ತೆ, ಅಲ್ಲೇ ಕೊಳೆಯುತ್ತೆ. ನಾನೂ ಕೊಳೆಸಿದ್ದೇನೆ. ಈ ಸಿಟ್ಟಿನಲ್ಲಿ ಮುಕ್ಕಾಲು ಭಾಗ ನನ್ನ ಮೇಲೇ ಇದೆ. ಮಿಕ್ಕ ಕಾಲು ಭಾಗ ನಿಮಗೆ ಹಂಚೋಣ ಅಂತ ಬರೀತಿದ್ದೀನಿ.

ಐರಿಸ್ ಅಂದರೆ ನೀವು ನೋಡಿರ್ತೀರಿ, ಹೆಸರು ಗೊತ್ತಿಲ್ಲದೇ ಇರಬಹುದು. ಮೂರು ದಳ ಮೇಲಕ್ಕೆ ಎದ್ದು ನಿಂತಿರುತ್ತವೆ, ಮೂರು ಕೆಳಕ್ಕೆ ಇಳಿಬಿದ್ದಿರುತ್ತವೆ, ಇಳಿಬಿದ್ದ ದಳದ ಮೇಲೆ ಗಡ್ಡದ ಹಾಗೆ ಒಂದು ಸಾಲು ರೋಮ. ವ್ಯಾನ್ ಗಾಗ್ 1889ರಲ್ಲಿ ಬರೆದ ನೀಲಿ ಹೂಗಳ ಚಿತ್ರ ಅರ್ಧ ಪ್ರಪಂಚದ ಲ್ಯಾಪ್‌ಟಾಪ್ ವಾಲ್‌ಪೇಪರ್ ಆಗಿದೆ, ಅದೇ ಹೂವು. (ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ 1889ರಲ್ಲೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಸುಮ್ಮನೆ ಹೇಳಿದೆ.) ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಇತ್ತು. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಅದನ್ನೇ ನೋಡಿ ನೋಡಿ, 2022ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಆರು ಗೆಡ್ಡೆ ಆರ್ಡರ್ ಮಾಡಿದೆ. ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿತ್ತು: ಹಾರ್ಡಿ, ಪೆರೆನಿಯಲ್, ಎಲ್ಲಾ ಹವಾಮಾನಕ್ಕೂ. ಒಂದು ಸಲ ನೆಟ್ಟರೆ ಸಾಕು, ವರ್ಷ ವರ್ಷವೂ ಹೂವು. ನಮ್ಮಂಥ ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಾ?

ನಾನಾಗ ಇದ್ದದ್ದು ಟಿ. ದಾಸರಹಳ್ಳಿಯ ಒಳರಸ್ತೆಯಲ್ಲಿ, 20×30 ಸೈಟಿನ ಮೇಲೆ ಎದ್ದಿರುವ ಮೂರಂತಸ್ತಿನ ಮನೆಯ ಎರಡನೇ ಮಹಡಿಯಲ್ಲಿ. ಮೆಟ್ರೋದಲ್ಲಿ ಇಳಿದು ಎಂಟು ನಿಮಿಷ ನಡೆದರೆ ಮನೆ. ಕೆಳಗೆ ಓನರ್ ಮನೆ. ಓನರ್ ಅವರ ತಾಯಿ, ನಾವೆಲ್ಲ ಅಜ್ಜಿ ಅಂತೀವಿ, ಕಾಂಪೌಂಡಿನ ಪಕ್ಕದ ಮೂರಡಿ ಅಗಲದ ಮಣ್ಣಿನಲ್ಲಿ ಒಂದು ಕಾಡನ್ನೇ ಸಾಕಿಕೊಂಡಿದ್ದರು. ನಾನು ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ ಪ್ಯಾಕೆಟ್ ಬಿಚ್ಚಿದಾಗ ಅಜ್ಜಿ ಬಗ್ಗಿ ನೋಡಿದರು.

“ಏನಪ್ಪಾ ಅದು, ಶುಂಠಿನಾ?”

“ಅಲ್ಲಜ್ಜಿ, ಐರಿಸ್ ಅಂತ. ಹೂವಿನ ಗಿಡ.”

“ಎಷ್ಟು ಕೊಟ್ಟೆ?”

“ಎಂಟುನೂರ ತೊಂಬತ್ತೊಂಬತ್ತು.”

ಅಜ್ಜಿ ಒಂದು ಗೆಡ್ಡೆ ಎತ್ತಿ ಮೂಸಿದರು. “ಶುಂಠಿನಾದ್ರೂ ತರಬಾರದಿತ್ತೇನಪ್ಪಾ, ಟೀಗಾದ್ರೂ ಆಗ್ತಿತ್ತು.”

ನಕ್ಕೆ. ಈಗ ಆ ನಗು ನೆನೆದರೆ ನಾಚಿಕೆ ಆಗುತ್ತೆ.

ಈಗ ವಿಷಯಕ್ಕೆ ಬರೋಣ. ‘ಹಾರ್ಡಿ’ ಅನ್ನುವ ಪದ ತೋಟಗಾರಿಕೆಯಲ್ಲಿ ಎಲ್ಲಿಂದ ಬಂತು, ಏನನ್ನು ಹೇಳುತ್ತೆ ಅಂತ ಒಂದು ಸಲವಾದರೂ ಯೋಚಿಸಿದ್ದೀವಾ? ನಾವು ಅದನ್ನು ‘ಗಟ್ಟಿಮುಟ್ಟು’ ಅಂತ ಓದಿಕೊಳ್ತೀವಿ. ಬಿಸಿಲು, ಮಳೆ, ಮರೆವು, ಶನಿವಾರ ನಂದಿಬೆಟ್ಟಕ್ಕೆ ಹೋಗಿ ನೀರು ಹಾಕದೇ ಇರೋದು, ಎಲ್ಲವನ್ನೂ ತಡೆಯುವ ಗಿಡ ಅಂತ. ಆ ಪದದ ಅರ್ಥ ಅಷ್ಟು ದೊಡ್ಡದಲ್ಲ. ಹಾರ್ಡಿ ಅಂದರೆ ಚಳಿ ತಡೆಯುತ್ತೆ, ಹಿಮದಡಿ ಮಲಗಿದ್ದು ವಸಂತದಲ್ಲಿ ಏಳುತ್ತೆ ಅಂತ ಅಷ್ಟೇ. ಅಮೆರಿಕದ ಕೃಷಿ ಇಲಾಖೆಯವರು ಮಾಡಿರುವ ಹಾರ್ಡಿನೆಸ್ ನಕ್ಷೆ ಇದೆಯಲ್ಲ, ಬೀಜದ ಪ್ಯಾಕೆಟ್ ಹಿಂದೆ ‘ಝೋನ್ 3ರಿಂದ 9’ ಅಂತೆಲ್ಲ ಹಾಕಿರ್ತಾರಲ್ಲ, ಅದು ಅಳೆಯೋದು ಒಂದನ್ನೇ: ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಎಷ್ಟು ಡಿಗ್ರಿ ಇರುತ್ತೆ ಅನ್ನೋದು. ಝೋನ್ 3 ಅಂದರೆ ಮೈನಸ್ 40ರಿಂದ ಮೈನಸ್ 34 ಡಿಗ್ರಿ ಸೆಲ್ಸಿಯಸ್. ಗಡ್ಡದ ಐರಿಸ್ ಅದನ್ನೂ ತಡೆಯುತ್ತೆ. ಭೇಷ್. ಆದರೆ ನಮ್ಮ ಊರಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಸೊನ್ನೆಯ ಹತ್ತಿರಕ್ಕೂ ಹೋಗದ ಊರಿಗೆ ಮೈನಸ್ 40ರ ಸರ್ಟಿಫಿಕೇಟು ಯಾಕೆ ಸ್ವಾಮಿ? ಈಜು ಬರುತ್ತೆ ಅಂತ ಹೇಳಿ ಕಾರ್ ಡ್ರೈವರ್ ಕೆಲಸಕ್ಕೆ ಸೇರಿಸಿಕೊಂಡ ಹಾಗಾಯ್ತು.

ಇಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಅಷ್ಟು ಚಳಿ ತಡೆಯೋದು ನಮ್ಮ ಹಿತವಾದ ಹವೆಯಲ್ಲಿ ಇನ್ನೂ ಸುಖವಾಗಿ ಇರಬಾರದಾ? ಇರಲ್ಲ. ಆ ಗಿಡಕ್ಕೆ ಚಳಿ ಬರೀ ಕಷ್ಟ ಅಲ್ಲ, ಅಲಾರಂ ಕೂಡ. ವಾರಗಟ್ಟಲೆ ತಣ್ಣಗಿನ ಚಳಿಗಾಲ ಕಳೆದರೇನೇ ಅದಕ್ಕೆ ಹೂ ಬಿಡುವ ಕಾಲ ಬಂತು ಅಂತ ತಿಳಿಯೋದು. ಜನವರಿಯ ರಾತ್ರಿಯೂ 15–16 ಡಿಗ್ರಿ ಇರುವ ನಮ್ಮಲ್ಲಿ ಅಲಾರಂ ಹೊಡೆಯೋದೇ ಇಲ್ಲ. ಗಿಡ ಕತ್ತಿಯಂಥ ಎಲೆ ಬಿಡುತ್ತೆ, ಇನ್ನೊಂದು ಎಲೆ ಬಿಡುತ್ತೆ, ಹೂವು ಮಾತ್ರ ಇಲ್ಲ. ಮೇಲಿಂದ ನೀರಿನ ಸಮಸ್ಯೆ. ಈ ಗಡ್ಡದ ಐರಿಸ್‌ಗಳದ್ದು ಮೆಡಿಟರೇನಿಯನ್ ಕಡೆಯ ವಂಶ. ಬೇಸಿಗೆಯಲ್ಲಿ ಒಣ ಹವೆ, ಗೆಡ್ಡೆಯ ಬೆನ್ನಿಗೆ ಬಿಸಿಲು. ಅದಕ್ಕೇ ಅದನ್ನು ಪೂರ್ತಿ ಹೂಳುವಂತಿಲ್ಲ. ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನು ಕಾಣೋ ಹಾಗೆ ಗೆಡ್ಡೆಯ ಮೇಲ್ಭಾಗ ಹೊರಗೇ ಇರಬೇಕು. ನಮ್ಮಲ್ಲಿ ಮೇ ತಿಂಗಳ ಗುಡುಗು ಮಳೆ ಶುರುವಾದರೆ ಅಕ್ಟೋಬರ್‌ವರೆಗೂ ಮಣ್ಣು ಆರಲ್ಲ. ಬೆಚ್ಚಗೆ, ಒದ್ದೆಯಾಗಿ ಕೂತ ಗೆಡ್ಡೆಗೆ ಬ್ಯಾಕ್ಟೀರಿಯಾ ಕೊಳೆರೋಗ ಬರುತ್ತೆ. ಹಾಸನ, ಶಿವಮೊಗ್ಗ ಕಡೆ ಶುಂಠಿ ಬೆಳೆದವರನ್ನು ಕೇಳಿ, ಗೆಡ್ಡೆ ಕೊಳೆಯುವ ವಾಸನೆ ಹೇಗಿರುತ್ತೆ ಅಂತ ಅವರು ಹೇಳ್ತಾರೆ. ಅಜ್ಜಿ ಶುಂಠಿ ಅಂದದ್ದು ಸುಮ್ಮನೆ ಅಲ್ಲ ಅಂತ ನನಗೆ ಗೊತ್ತಾಗಿದ್ದು 2023ರ ಜೂನ್‌ನಲ್ಲಿ, ಕುಂಡಕ್ಕೆ ಕೈ ಹಾಕಿದಾಗ. ಗೆಡ್ಡೆ ಬೆರಳಿಗೆ ಮೆತ್ತಗೆ, ಬೇಯಿಸಿದ ಆಲೂಗಡ್ಡೆ ಥರ ಸಿಕ್ಕಿತು.

ಇಲ್ಲಿಗೆ ಬರುವ ಹೊತ್ತಿಗೆ ಗಾರ್ಡನಿಂಗ್ ಪಂಡಿತರು ಕೈ ಎತ್ತಿರ್ತಾರೆ: “ಗೆಡ್ಡೆಯನ್ನು ಆರು ವಾರ ಫ್ರಿಜ್‌ನಲ್ಲಿಡಿ, ಆಮೇಲೆ ನೆಡಿ.” ಟ್ಯೂಲಿಪ್‌ಗೂ ಇದೇ ಉಪದೇಶ ಕೊಡ್ತಾರೆ. ಸರಿ, ಒಂದು ವರ್ಷ ಹೂವು ನೋಡಬಹುದೇನೋ. ಆಮೇಲೆ? ಪ್ರತಿ ವರ್ಷ ಅಗೆದು, ತೊಳೆದು, ಮೊಸರಿನ ಪಾತ್ರೆ ಪಕ್ಕ ಜಾಗ ಮಾಡಿ ಇಡಬೇಕಾದ ಗಿಡವನ್ನು ಪೆರೆನಿಯಲ್ ಅಂತ ಯಾಕೆ ಕರೀಬೇಕು? ಅದು ಗಿಡ ಅಲ್ಲ, ಪೇಯಿಂಗ್ ಗೆಸ್ಟ್.

ಗಿಡದ ಮೇಲೆ ನನಗೆ ಕೋಪ ಇಲ್ಲ. ಕಾಶ್ಮೀರದಲ್ಲಿ ಸಮಾಧಿಗಳ ಮೇಲೆ ಐರಿಸ್ ನೆಡುವ ರೂಢಿ ಇದೆ. ಯಾರೂ ನೀರು ಹಾಕಲ್ಲ, ಯಾರೂ ಗೊಬ್ಬರ ಕೊಡಲ್ಲ, ಹಿಮ ಕರಗಿದ ಮೇಲೆ ತಾನಾಗಿ ಬಿಳಿ, ನೇರಳೆ ಹೂವು. ಅಲ್ಲಿ ಅದು ನಿಜವಾಗಿಯೂ ಗಟ್ಟಿ ಗಿಡ. ನಮ್ಮ ಆಕ್ಷೇಪ ಇರಬೇಕಾದ್ದು, ಎಲ್ಲಿಗೆ ಗಟ್ಟಿ ಅಂತ ಹೇಳದೆ ಮಾರುವವರ ಮೇಲೆ ಮತ್ತು ಎಲ್ಲಿಗೆ ಗಟ್ಟಿ ಅಂತ ಕೇಳದೆ ಕೊಳ್ಳುವ ನಮ್ಮ ಮೇಲೆ. ಫೋನ್ ಕೊಳ್ಳುವಾಗ ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಅಂತ ನಲವತ್ತು ವಿಡಿಯೋ ನೋಡುವ ಜನ ನಾವು. ಗಿಡ ಕೊಳ್ಳುವಾಗ ಮಾತ್ರ ಒಂದು ಫೋಟೋ ಸಾಕು.

ಇದನ್ನು ಓದಿ “ಹಾಗಾದರೆ ನಮ್ಮ ಮಣ್ಣಿನ ಗಿಡ ಮಾತ್ರ ಬೆಳೀಬೇಕು, ವಿದೇಶಿ ಬೇಡ ಅಂತೀರಾ?” ಅಂತ ಯಾರಾದರೂ ಕುಣಿಯುವ ಮುಂಚೆ ಹೇಳ್ತೀನಿ, ಆ ರಾಗ ನನ್ನದಲ್ಲ. ನಿಮ್ಮ ಆಫೀಸಿನ ಮುಂದೆ ನೇರಳೆ ಹಾಸುವ ಜಕರಂದಾ ದಕ್ಷಿಣ ಅಮೆರಿಕದ್ದು. ಗುಲ್‌ಮೊಹರ್ ಮಡಗಾಸ್ಕರ್‌ನದ್ದು. ಮದುವೆ ಮನೆಯ ಹಾರಕ್ಕೆ ಕಟ್ಟುವ ಸುಗಂಧರಾಜ ಮೆಕ್ಸಿಕೋದಿಂದ ಬಂದದ್ದು. ಅದಿಲ್ಲದೆ ಈಗ ಯಾವ ದೇವರಿಗೂ ಶುಕ್ರವಾರ ಇಲ್ಲ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಬೀದಿಗಳಲ್ಲಿ ಮರ ನೆಡಿಸಿದ. ಅದಕ್ಕೆ ಯಾವ ಮರ ಈ 920 ಮೀಟರ್ ಎತ್ತರದ ಊರಲ್ಲಿ ಯಾವ ತಿಂಗಳು ಏನು ಮಾಡುತ್ತೆ ಅಂತ ಗೊತ್ತಿರಬೇಕಿತ್ತು. ಗಿಡ ಎಲ್ಲಿಂದ ಬಂತು ಅನ್ನೋದರಿಂದ ಏನೂ ಕೆಟ್ಟಿಲ್ಲ, ಬಂದ ಮೇಲೆ ಇಲ್ಲಿ ಏನು ಮಾಡ್ತು ಅಂತ ಯಾರಾದರೂ ನೋಡಿದರಾ ಅನ್ನೋದು ಪ್ರಶ್ನೆ. ಆನ್‌ಲೈನ್ ಪ್ಯಾಕೆಟ್‌ನಲ್ಲಿ ಆ ನೋಡುವ ಕೆಲಸವೇ ಕಾಣೆ.

ಆ ನೋಡುವ ಕೆಲಸ ನಡೆಯುವ ಜಾಗ ನಮ್ಮ ಪಕ್ಕದಲ್ಲೇ ಇದೆ ಅನ್ನೋದು ಇನ್ನೊಂದು ತಮಾಷೆ. ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಹೆಸರಘಟ್ಟ ರಸ್ತೆ ಹಿಡಿದು, ಬಾಗಲಗುಂಟೆ ದಾಟಿ ಹೋಗ್ತಾ ಇದ್ದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿಗುತ್ತೆ. ಐರಿಸ್‌ನ ಸೋದರಸಂಬಂಧಿ ಗ್ಲ್ಯಾಡಿಯೋಲಸ್‌ನಲ್ಲಿ ‘ಮೀರಾ’, ‘ನಜರಾನಾ’, ‘ಪೂನಂ’, ‘ಸಪ್ನಾ’ ಅಂತ ತಳಿ ಬಿಟ್ಟದ್ದು ಅವರೇ. ಸುಗಂಧರಾಜದಲ್ಲಿ ‘ಶೃಂಗಾರ್’, ‘ಸುವಾಸಿನಿ’, ‘ಪ್ರಜ್ವಲ್’ ಕೂಡ ಅವರದ್ದೇ. ನಮ್ಮ ಬಸ್ ರೂಟಿನಲ್ಲಿ, ನಮ್ಮದೇ ಬಿಸಿಲು ಮಳೆಯಲ್ಲಿ ವರ್ಷಗಟ್ಟಲೆ ಬೆಳೆಸಿ, ಅಳೆದು, ಆರಿಸಿದ ಗೆಡ್ಡೆಗಳು. ನಾನೋ, ಆ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ನಿಂತು ಫೋನಿನಲ್ಲಿ ಯಾವುದೋ ಚಳಿದೇಶದ ಹೂವು ಸ್ಕ್ರೋಲ್ ಮಾಡ್ತಿದ್ದೆ.

ಐರಿಸ್ ಮನೆತನದವರೇ ಬೇಕು ಅಂತ ಹಟ ಇದ್ದರೆ, ಈ ಊರಿಗೆ ಒಗ್ಗುವವರು ಇದ್ದಾರೆ. ಅಡುಗೆಮನೆಯ ಕೇಸರಿಯೂ ಅದೇ ಮನೆತನ. ನಮ್ಮ ದರ್ಶಿನಿಗಳ ಕೇಸರಿಬಾತಿಗೂ ಅದಕ್ಕೂ ಬಣ್ಣದ ಹೊರತು ಯಾವ ನೆಂಟಸ್ತಿಕೆಯೂ ಉಳಿದಿಲ್ಲ, ಅದು ಬೇರೆ ವಿಷಯ. ಟೆರೇಸಿನಲ್ಲಿ ಒಳ್ಳೆ ಬಿಸಿಲಿದ್ದರೆ ಬ್ಲ್ಯಾಕ್‌ಬೆರಿ ಲಿಲಿ ಹಾಕಿ. ಬೀಸಣಿಗೆಯಂತೆ ಹರಡುವ ಎಲೆ, ಕಿತ್ತಳೆ ದಳದ ಮೇಲೆ ಚಿರತೆಯ ಚುಕ್ಕಿ, ಹೂವು ಮುಗಿದ ಮೇಲೆ ಕಾಯಿ ಬಿರಿದು ಕರಿ ಹಣ್ಣಿನ ಗೊಂಚಲಿನಂತೆ ಕಾಣುವ ಬೀಜ. ಲಿಲಿ ಅನ್ನೋದು ಬರೀ ಹೆಸರು. ಮೊದಲು ಬೆಲಮ್‌ಕಾಂಡಾ ಅಂತ ಬೇರೆ ಇಟ್ಟಿದ್ದನ್ನು ಸಸ್ಯಶಾಸ್ತ್ರಜ್ಞರು 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಿದರು. ಅಂದರೆ ಅದು ಕಾಗದಪತ್ರ ಸಮೇತ ಐರಿಸ್. ಆಫ್ರಿಕನ್ ಐರಿಸ್ ಅನ್ನೋ ಡಯಟೀಸ್ ಕೂಡ ಬಿಸಿಲಿಗೂ ನೀರಿನ ಕೊರತೆಗೂ ಜಗ್ಗಲ್ಲ.

ಆದರೆ ನನ್ನ ಓಟು ಅಜ್ಜಿಯ ಗಿಡಕ್ಕೆ. ಮೂರಡಿ ಮಣ್ಣಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ ಬಿಸಿಲು ಬಿದ್ದರೆ ಹೆಚ್ಚು, ಆಮೇಲೆ ಪಕ್ಕದ ಬಿಲ್ಡಿಂಗ್ ನೆರಳು. ಅಲ್ಲಿ ಗೋಡೆಗುಂಟ ಹಸಿರು ಕತ್ತಿಗಳಂಥ ಎಲೆಯ ಗುಂಪು ಇತ್ತು. ನಾನು ಎರಡು ವರ್ಷ ಅದನ್ನು ಹುಲ್ಲು ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ ಬಿಳಿ ದಳ, ಮಧ್ಯದಲ್ಲಿ ಸುರುಳಿ ಸುತ್ತಿದ ನೀಲಿ, ಬುಡದಲ್ಲಿ ಕಂದು ಪಟ್ಟೆ. ಸಾಕ್ಷಾತ್ ನನ್ನ ವಾಲ್‌ಪೇಪರ್‌ನ ತಂಗಿ. ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಮುದುಡಿ ಹೋಗಿತ್ತು. ಒಂದು ದಿನದ ಹೂವು ಅದು, ವಾರ ಬಿಟ್ಟು ಇನ್ನೊಂದು ಬರುತ್ತೆ. ನಿಯೊಮರಿಕಾ, ಬ್ರೆಜಿಲ್ ಕಡೆಯದ್ದು, ವಾಕಿಂಗ್ ಐರಿಸ್ ಅಂತ ಅಡ್ಡಹೆಸರು. ಹೂವು ಬಿಟ್ಟ ಕಾಂಡದ ತುದಿಯಲ್ಲಿ ಒಂದು ಮರಿ ಹುಟ್ಟುತ್ತೆ. ಅದರ ಭಾರಕ್ಕೆ ಕಾಂಡ ಬಾಗಿ ನೆಲ ಮುಟ್ಟುತ್ತೆ, ಮರಿ ಅಲ್ಲೇ ಬೇರು ಬಿಡುತ್ತೆ. ಹೀಗೆ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತೆ. ಅಜ್ಜಿಗೆ ಇದರ ಯಾವ ಹೆಸರೂ ಗೊತ್ತಿರಲಿಲ್ಲ. ಯಾರೋ ಮಗಳ ಮನೆ ಪಕ್ಕದವರು ಕೊಟ್ಟದ್ದಂತೆ, ಎಷ್ಟು ವರ್ಷವಾಯ್ತು ಅಂತ ಕೇಳಿದರೆ “ಮೊಮ್ಮಗ ಹುಟ್ಟೋಕೂ ಮುಂಚೆ” ಅಂದರು. ಮೊಮ್ಮಗ ಈಗ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಓಡಿಸ್ತಾನೆ.

ಹಾರ್ಡಿ ಅಂದರೆ ಏನು ಅಂತ ನನಗೆ ಕಲಿಸಿದ್ದು 2024ರ ಮಾರ್ಚ್. ಆ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕೈ ಮುಗಿದು, ಮೇಲಿಂದ ಜಲಮಂಡಳಿಯ ಆದೇಶ: ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ. ಟೆರೇಸಿನ ನನ್ನ ಕುಂಡಗಳಲ್ಲಿ ಪೆಟೂನಿಯಾ, ಡೇಲಿಯಾ, ಜನವರಿಯ ಫ್ಲವರ್ ಶೋ ನೋಡಿದ ಉತ್ಸಾಹದಲ್ಲಿ ತಂದದ್ದೆಲ್ಲ ಹಪ್ಪಳ. ಅಜ್ಜಿಯ ಗಿಡ ಅಕ್ಕಿ ತೊಳೆದ ನೀರಲ್ಲಿ ಬದುಕಿತು. ಎರಡು ದಿನಕ್ಕೆ ಒಂದು ಸಲ ಒಂದು ಚೊಂಬು. ಎಲೆಯ ತುದಿ ಒಣಗಿತ್ತು, ಅಷ್ಟೇ. ಮಳೆ ಬಂದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಹೂವು. ನಮಗೆ ಬೇಕಾದ ಹಾರ್ಡಿನೆಸ್ ನಕ್ಷೆ ಇದ್ದರೆ ಅದರಲ್ಲಿ ಮೈನಸ್ 40 ಇರಲ್ಲ. ಎಷ್ಟು ದಿನ ಟ್ಯಾಂಕರ್ ಬರದಿದ್ದರೆ ತಡೆಯುತ್ತೆ, 2016ರ ಏಪ್ರಿಲ್ 24ರಂದು ಬಂದಿತ್ತಲ್ಲ 39.2 ಡಿಗ್ರಿ, ಅಂಥ ದಿನ ಕಾಂಕ್ರೀಟ್ ಮೇಲೆ ಏನಾಗುತ್ತೆ, ಪಕ್ಕದ ಮನೆ ನಾಲ್ಕನೇ ಮಹಡಿ ಎಬ್ಬಿಸಿದರೆ ಬದುಕುತ್ತಾ, ಈ ಕಾಲಂಗಳು ಇರ್ತವೆ.

ಇನ್ನೊಂದು ಕಾಲಂ ಕೂಡ ಬೇಕು: ಬಾಡಿಗೆದಾರರನ್ನು ತಡೆಯುತ್ತಾ?

ಅಜ್ಜಿಯ ಗಿಡ ಮಾರ್ಚ್ ದಾಟಿತು, ನಮ್ಮನ್ನು ದಾಟಲಿಲ್ಲ. ಆ ವರ್ಷದ ಕೊನೆಗೆ ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಬರೆದರು, ಬೈಕ್ ನಿಲ್ಲಿಸೋಕೆ ಜಾಗ ಇಲ್ಲ, ಆ ಮಣ್ಣಿನ ಪಟ್ಟಿಗೆ ಟೈಲ್ಸ್ ಹಾಕಿಸಿದರೆ ಮೂರು ಗಾಡಿ ನಿಲ್ಲುತ್ತೆ, ಮಳೆಗಾಲದಲ್ಲಿ ಕೆಸರೂ ಇರಲ್ಲ. ಎಲ್ಲರೂ ಥಂಬ್ಸ್ ಅಪ್ ಹಾಕಿದರು. ನಾನೂ ಹಾಕಿದೆ. ಮೀಟಿಂಗ್‌ನಲ್ಲಿದ್ದೆ, ಓದದೇ ಹಾಕಿದೆ ಅಂತ ಹೇಳಬಹುದಿತ್ತು. ಓದಿಯೇ ಹಾಕಿದೆ. ನನ್ನ ಬೈಕ್ ರಸ್ತೆಯಲ್ಲಿ ನಿಲ್ತಿತ್ತು.

ಎರಡು ದಿನದ ಕೆಲಸ. ಕಿತ್ತ ಗಿಡ ಎಲ್ಲ ಬೆಳಿಗ್ಗೆ ಕಸದ ಆಟೋಗೆ ಹೋಯ್ತು. ಅಜ್ಜಿ ಜಗಳ ಆಡಲಿಲ್ಲ, ಮಗನ ಮನೆ, ಮಗನ ಬಾಡಿಗೆ. ಹಿಂದಿನ ಸಂಜೆ ಕುಡುಗೋಲಿನಿಂದ ಒಂದು ಬುಡ ಎಬ್ಬಿಸಿ, ಹಳೇ ಪೇಪರ್‌ನಲ್ಲಿ ಸುತ್ತಿ ನನ್ನ ಬಾಗಿಲ ಮುಂದೆ ಇಟ್ಟಿದ್ದರು. ಕೇಳಿದಾಗ ಹೇಳಿದ್ದು ಇಷ್ಟು: “ನಿಂಗೆ ಹೂವಿನ ಹುಚ್ಚು ಅಲ್ವೇನಪ್ಪಾ. ಇದಕ್ಕೆ ಯಾವ ಮಣ್ಣಾದ್ರೂ ಆಯ್ತದೆ.”

ಓನರ್‌ಗಳನ್ನು ಬೈಯೋದು ಸುಲಭ. ಮಳೆನೀರು ಇಂಗಿಸಿ ಅಂತ ಕಾನೂನು ಬಂದದ್ದು 2009ರಲ್ಲಿ, ಅದು ಹಿಡಿಯೋದು 30×40 ಅಳತೆಯಿಂದ ಮೇಲಿನ ಹೊಸ ಮನೆಗಳನ್ನು. ದಾಸರಹಳ್ಳಿಯಂಥ ಕಡೆ ಸಾಲು ಸಾಲಾಗಿರುವ 20×30 ಮನೆಗಳಲ್ಲಿ ನೀರು ಇಂಗುವ ಒಂದೇ ಜಾಗ ಅಂದರೆ ಈ ಮೂರಡಿ. ಅದನ್ನು ಮುಚ್ಚಿಸುವವರು ಎಷ್ಟೋ ಸಲ ನಾವೇ, ಬಾಡಿಗೆದಾರರೇ. ನಮ್ಮ ಸಮರ್ಥನೆ ಸಿದ್ಧವಾಗಿರುತ್ತೆ: “ನಾವೇನು ಇಲ್ಲೇ ಇರ್ತೀವಾ?” ಅಗ್ರಿಮೆಂಟು ಹನ್ನೊಂದು ತಿಂಗಳು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಅಂತ 1908ರ ಕಾಯ್ದೆ ಹೇಳುತ್ತೆ, ಆ ಖರ್ಚು ತಪ್ಪಿಸೋಕೆ ಇಡೀ ಊರು ಹನ್ನೊಂದು ತಿಂಗಳ ಲೆಕ್ಕದಲ್ಲಿ ಬದುಕ್ತಾ ಇದೆ. ನಮ್ಮ ತೋಟವೂ ಅದೇ ಲೆಕ್ಕ. ಜನವರಿಯಲ್ಲಿ ಹೂವು ಬಿಟ್ಟಿರುವ ಕುಂಡವನ್ನೇ ತರ್ತೀವಿ, ಮಾರ್ಚ್‌ಗೆ ಎಸೀತೀವಿ, ಪ್ಲಾಸ್ಟಿಕ್ ಕುಂಡ ಟೆರೇಸಿನ ಮೂಲೆಯಲ್ಲಿ ಗೋಪುರ ಆಗುತ್ತೆ. ಇದಕ್ಕೆ ಗಾರ್ಡನಿಂಗ್ ಅಂತ ಸ್ಟೇಟಸ್ ಬೇರೆ.

ಇದು ಸುಳ್ಳು ನೆಪ ಅಂತ ನಾನು ಜೋರಾಗಿಯೇ ಹೇಳ್ತೀನಿ. ಮನೆ ಬದಲಾಯಿಸುವವನಿಗೆ ಗೆಡ್ಡೆಯಂಥ ಗಿಡ ಇನ್ನೊಂದಿಲ್ಲ. ಮಾವಿನ ಮರ ಹೊತ್ಕೊಂಡು ಹೋಗೋಕಾಗಲ್ಲ. ವಾಕಿಂಗ್ ಐರಿಸ್, ಸುಗಂಧರಾಜ, ಕ್ಯಾನಾ, ರೇನ್ ಲಿಲಿ, ಇವುಗಳ ಇಡೀ ಸಂಸಾರ ಒಂದು ಅಕ್ಕಿ ಚೀಲದಲ್ಲಿ ಹಿಡಿಯುತ್ತೆ. ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಬುಡಕ್ಕೆ ಒದ್ದೆ ಪೇಪರ್ ಸುತ್ತಿ, ಪ್ಯಾಕರ್ಸ್‌ನವರ ಗಾಡಿಯಲ್ಲಿ ಗ್ಯಾಸ್ ಸ್ಟವ್ ಪಕ್ಕ ಇಡಿ. ಒಂದು ವಾರ ಮಣ್ಣಿಲ್ಲದೇ ಇದ್ದರೂ ಸಾಯಲ್ಲ. ಹೊಸ ಮನೆಯಲ್ಲಿ ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಗೊಬ್ಬರ ಒಂದು ಪಾಲು. ಕೋಕೋಪೀಟ್ ಕಡಿಮೆ ಮಾಡಿ, ಅದು ನೀರು ಹಿಡಿದು ಗೆಡ್ಡೆ ಕೊಳೆಸುತ್ತೆ. ಕುಂಡಕ್ಕೆ ತೂತು ಇದೆಯಾ ಅಂತ ಎರಡು ಸಲ ನೋಡಿ. ಇಷ್ಟೇ. ಇದಕ್ಕೆ ಯೂಟ್ಯೂಬ್ ಕೋರ್ಸ್ ಬೇಡ.

ಹೋದ ವರ್ಷ ನಾನು ಬಾಗಲಗುಂಟೆ ಕಡೆಗೆ ಮನೆ ಬದಲಾಯಿಸಿದೆ. ಅಜ್ಜಿ ಕೊಟ್ಟ ಬುಡವೂ ಬಂತು. ಬಾಲ್ಕನಿಗೆ ಬಿಸಿಲು ಕಮ್ಮಿ, ಅದಕ್ಕೆ ಅದೇ ಇಷ್ಟ. ಈ ಮಳೆಗಾಲದಲ್ಲಿ ಕಾಂಡಗಳೆಲ್ಲ ಬಾಗಿ ಪಕ್ಕದ ಕುಂಡಗಳಲ್ಲಿ ಕಾಲೂರಿವೆ. ಎಣಿಸಿದರೆ ಹನ್ನೊಂದು ಮರಿ. ಎರಡನ್ನು ಅಜ್ಜಿಗೆ ಕೊಡೋಕೆ ಹೋಗಿದ್ದೆ. ಮೂರಡಿ ಜಾಗದಲ್ಲಿ ಈಗ ನಾಲ್ಕು ಬೈಕ್ ನಿಂತಿವೆ, ನನ್ನ ಜಾಗಕ್ಕೆ ಬಂದ ಹುಡುಗನದ್ದೂ ಸೇರಿ. ಅಜ್ಜಿ ಒಂದು ಹಳೇ ಪೇಂಟ್ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿ, ಮೆಟ್ಟಿಲ ಕೆಳಗೆ ಇಟ್ಟುಕೊಂಡರು. ಮಿಕ್ಕಿದ್ದು ಒಂಬತ್ತು. ಎಂಟನೇ ಮೈಲಿ ಕಡೆ ಬರುವವರು ತಗೊಂಡು ಹೋಗಿ, ದುಡ್ಡು ಬೇಡ, ಕುಂಡ ನೀವೇ ತನ್ನಿ. ಐರಿಸ್ ಪ್ಯಾಕೆಟ್ ಆರ್ಡರ್ ಮಾಡಿದ್ದರೆ ಇನ್ನೂ ಟೈಮ್ ಇದೆ, ಕ್ಯಾನ್ಸಲ್ ಮಾಡಿ.